ಗಿರಣಿ ಓಣಿ ಅಳೆದ ಟೇಪು

ನಾನು ಒಂದು ಅಳತೆ ಟೇಪು. ಮೂವತ್ತು ಮೀಟರ್ ಉದ್ದ, ಹಳದಿ ಬಣ್ಣ, ಮೈತುಂಬ ಅಂಕಿ. ಹುಟ್ಟಿದ ಕಾರ್ಖಾನೆಯಲ್ಲಿ ನನ್ನನ್ನು ಎರಡು ಸಲ ಪರೀಕ್ಷಿಸಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲವೆಂದು ಚೀಟಿ ಅಂಟಿಸಿದ್ದರು. ಆ ಚೀಟಿ ನೋಡಿ ಬೀಗಿದ್ದೇ ಬಂತು. ಬಂದು ಬಿದ್ದದ್ದು ಗದಗ ಕಡೆಯ ಒಂದು ಊರಿನ ಯೋಜನಾ ಪ್ರಾಧಿಕಾರದ ಕಚೇರಿಗೆ. ಅಂಗಡಿ ಸಾಲಾಗಲಿ, ಅಪಾರ್ಟ್‌ಮೆಂಟಾಗಲಿ, ಕಟ್ಟುವ ಮೊದಲು ಅದರ ನಕ್ಷೆ ಅಲ್ಲಿಗೆ ಬರಬೇಕು. ಜಾಗವನ್ನೂ ಎದುರಿನ ರಸ್ತೆಯನ್ನೂ ನಾನು ಅಳೆಯಬೇಕು. ಆಮೇಲೆ ಮಂಡಳಿಯ ಸಭೆ ಒಪ್ಪಬೇಕು.

ಮೊದಲ ಹದಿನಾಲ್ಕು ವರ್ಷ ಸರ್ವೇಯರ್ ಗೂಳಪ್ಪನವರ ಕೈಯಲ್ಲಿದ್ದೆ. ಅಳೆದ ಮೇಲೆ ಮಣ್ಣು ಒರೆಸಿ ಸುತ್ತುವ ಮನುಷ್ಯ. ಒಂದು ದಿನ ಟ್ರ್ಯಾಕ್ಟರೊಂದು ನನ್ನ ತುದಿಯನ್ನು ಗಾಲಿಗೆ ಸುತ್ತಿಕೊಂಡು ಹೋಯಿತು. ಹಿತ್ತಾಳೆಯ ಬಳೆಯ ಜೊತೆಗೆ ಮೊದಲ ಒಂದು ಮೀಟರೂ ಹರಿದುಹೋಯಿತು. ಹೊಸ ಟೇಪು ಬೇಕೆಂದು ಗೂಳಪ್ಪ ಬರೆದುಕೊಟ್ಟರು. ಆ ಕಾಗದ ಮೇಜಿನಿಂದ ಮೇಜಿಗೆ ಸುತ್ತಿತೇ ಹೊರತು ಟೇಪು ಬರಲಿಲ್ಲ. ಕೊನೆಗೆ ಒಂದರ ಗೆರೆಯನ್ನೇ ಗೋಡೆಗೆ ಹಿಡಿದು ಅಳೆಯುವುದು ರೂಢಿಯಾಯಿತು.

"ಒಂದು ಕಳದು ಬರ್ಕೋರಿ," ಎಂದು ಅವರು ಪ್ರತಿ ಸಲ ಹೇಳುತ್ತಿದ್ದರು. ಹೇಳಿದರೇ ವಿನಾ ಎಲ್ಲಿಯೂ ಬರೆದಿಡಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಹೋದರು, ಆ ಮಾತೂ ಅವರ ಹಿಂದೆಯೇ ಹೋಯಿತು.

ಅವರ ಜಾಗಕ್ಕೆ ಬಂದ ಇಂಜಿನಿಯರ್ ಸಾಹೇಬರಿಗೆ ಸದಾ ಅವಸರ. ಗಿರಣಿ ಓಣಿಯಲ್ಲಿ ಕೆಳಗೆ ಅಂಗಡಿ, ಮೇಲೆ ನಾಲ್ಕು ಅಂತಸ್ತು ಮನೆ ಕಟ್ಟುವ ನಕ್ಷೆ ಬಂದಿತ್ತು. ಓಣಿ ಒಂಬತ್ತು ಮೀಟರ್ ಇದ್ದರೆ ನಾಲ್ಕು ಅಂತಸ್ತು, ಕಡಿಮೆಯಿದ್ದರೆ ಎರಡೇ. ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ನನ್ನನ್ನು ಎಳೆದು 'ಒಂಬತ್ತು' ಎಂದು ಬರೆದರು. ಇದ್ದದ್ದು ಎಂಟು. ಹರಿದ ತುದಿ ಅವರ ಬೆರಳಲ್ಲೇ ಇತ್ತು. ನೋಡುವ ವ್ಯವಧಾನ ಯಾರಿಗಿದೆ? ನನಗೆ ಮೈಯೆಲ್ಲ ಉರಿದುಹೋಯಿತು.

ಆ ಜಾಗದ ಎದುರು ಮನೆಯ ಫಕೀರವ್ವ ಶ್ಯಾವಿಗೆ, ಹಪ್ಪಳ ಮಾಡಿ ಬದುಕುವವಳು. ಅವಳು ಆಕ್ಷೇಪಣೆ ಬರೆಸಿಕೊಟ್ಟಳು. ಮೊದಲ ಸಭೆಗೆ ಸಾಕಷ್ಟು ಸದಸ್ಯರು ಬರಲಿಲ್ಲ. ಎರಡನೆಯ ಸಭೆಯ ದಿನ ಅಧ್ಯಕ್ಷ ಅಂದಾನಗೌಡರಿಗೆ ಯಾರದೋ ಮದುವೆ. ಮೂರನೆಯ ಸಲ ಅವಳಿಗೆ ಮಾತಾಡಲು ಸಿಕ್ಕಿತು.

"ಸಾಹೇಬ್ರ, ನಾನೂ ನಮ್ಮ ನೆಗೆಣ್ಣಿ ಕೂಡಿ ಒಂಬತ್ತು ಗಜದ ಇಳಕಲ್ ಸೀರಿ ಈ ಗ್ವಾಡಿಯಿಂದ ಆ ಗ್ವಾಡಿಗೆ ಹಿಡದು ನೋಡೇವ್ರಿ. ಇನ್ನೂ ಚೂರು ಸೆರಗು ಉಳೀತು. ಅದು ಒಂಬತ್ತು ಮೀಟರ್ ಹೆಂಗಾತ್ರಿ? ನಾಕು ಮಾಳಗಿ ಎದ್ರ ನನ್ನ ಅಂಗಳಕ್ಕ ಬಿಸಿಲು ಬರೂದಿಲ್ಲ. ಬಿಸಿಲಿಲ್ದ ಶ್ಯಾವಿಗಿ ಹೆಂಗ ಒಣಗಬೇಕು?"

"ಸೀರಿ ದಾಖಲೆ ಆಗೂದಿಲ್ಲಬೇ," ಎಂದು ಸದಸ್ಯರೊಬ್ಬರು ನಕ್ಕರು. ಒಂಬತ್ತು ಗಜವೆಂದರೆ ಎಂಟು ಮೀಟರಿಗೆ ಚೂರು ಹೆಚ್ಚು. ಆ ಸಭೆಯಲ್ಲಿ ಸರಿಯಾಗಿ ಅಳೆದವಳು ಅವಳೊಬ್ಬಳೇ.

ನನ್ನನ್ನು ತರಿಸಿ ಮೇಜಿನ ಮೇಲೆ ಬಿಚ್ಚಿದರು. ಗುಮಾಸ್ತ ಬಗ್ಗಿ ನೋಡಿ, "ಸರ್, ಇದು ಒಂದರಿಂದ ಚಾಲೂ ಆಗೇತ್ರಿ," ಎಂದ. ಅಬ್ಬಾ, ಈಗಲಾದರೂ ಕಂಡಿತಲ್ಲ ಎಂದುಕೊಂಡೆ.

ಅಂದಾನಗೌಡರು ಕೇಳಿದರು, "ಗೂಳಪ್ಪ ಹೋದ ಮ್ಯಾಲೆ ಇದರಿಂದ ಎಷ್ಟು ಅಳದೀರಿ?"

"ಮೂವತ್ತೇಳು ರೀ. ನಿಮ್ಮ ಕಾಂಪ್ಲೆಕ್ಸೂ ಅದರಾಗ ಬಂತ್ರಿ."

ಗೌಡರು ನೀರು ಕುಡಿದರು. ಆಮೇಲೆ ಠರಾವು ಬರೆಸಿದರು: ಟೇಪು ದೋಷಪೂರಿತ, ಕೂಡಲೇ ಹೊಸದನ್ನು ಕೊಳ್ಳುವುದು, ಹಿಂದಿನ ಯಾವ ಅಳತೆಯನ್ನೂ ಮತ್ತೆ ತೆಗೆಯಕೂಡದು. ಗಿರಣಿ ಓಣಿಯ ಅಳತೆಯೂ ಹಿಂದಿನದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟು ವರ್ಷ ಬಾರದ ಹೊಸ ಟೇಪು ಎರಡೇ ದಿನದಲ್ಲಿ ಬಂತು.

ನನ್ನನ್ನು ಪಡಸಾಲೆಯ ರದ್ದಿಗೆ ಎಸೆದರು. ಠರಾವಿನ ನಕಲು ಕೇಳಲು ಬಂದ ಫಕೀರವ್ವ ನನ್ನನ್ನು ಎತ್ತಿಕೊಂಡು, "ಇದನ್ನ ನಾ ಒಯ್ಲೇನ್ರಿ?" ಎಂದಳು. ಯಾರೂ ಬೇಡವೆನ್ನಲಿಲ್ಲ.

ಈಗ ನಾನು ಅವಳ ಅಂಗಳದ ಗೂಟದಲ್ಲಿ ತೂಗುತ್ತೇನೆ. ಮೇಲಿನವರಿಗೆ ಅವಳು ಇನ್ನೊಂದು ಅರ್ಜಿ ಹಾಕುತ್ತಾಳಂತೆ. ಅದಕ್ಕೆಂದು ದಿನಾ ಮಧ್ಯಾಹ್ನ ನನ್ನನ್ನು ನೆಲಕ್ಕೆ ಹಾಸಿ, ಬಿಸಿಲು ಬಿದ್ದಷ್ಟು ಜಾಗ ಅಳೆದು, ಒಂದು ಕಳೆದು, ಗೋಡೆಯ ಮೇಲೆ ಬರೆದಿಡುತ್ತಾಳೆ. ಎದುರಿನ ಕಟ್ಟಡಕ್ಕೆ ಪಾಯ ತೋಡುವಾಗ ಏಳು ಮೀಟರ್ ಇತ್ತು. ಎರಡನೆಯ ಅಂತಸ್ತು ಎದ್ದಾಗ ಐದು. ಮೂರನೆಯದಕ್ಕೆ ಎರಡು. ಒಂದು ಅಂಕಿಯೂ ತಪ್ಪಿಲ್ಲ. ಇಷ್ಟು ಸರಿಯಾಗಿ ನನ್ನನ್ನು ಓದುವವರು ಸಿಕ್ಕಿದರಲ್ಲ ಎಂದು ಸಂತೋಷಪಡಲೂ ಆಗುತ್ತಿಲ್ಲ.

ನಿನ್ನೆ ನಾಲ್ಕನೆಯ ಅಂತಸ್ತು ಮುಗಿಯಿತು. ಇವತ್ತು ಫಕೀರವ್ವ ಅಂಗಳಕ್ಕೆ ಬಂದಳು, ನನ್ನನ್ನು ಗೂಟದಿಂದ ತೆಗೆಯಲಿಲ್ಲ. ಬಿಸಿಲು ಅಳೆಯಲು ಅವಳ ಕೈಯ ಗೇಣು ಸಾಕಾಯಿತು.