ಬಾಂಬೆ ಮೇಸ್ತ್ರಿ

ಶಿವಗಂಗಾ ಹೆಣ ಸಾಗಿಸುವ ವ್ಯಾನಿನೊಳಗೆ ಮೊಣಕಾಲೂರಿ, ಕಾರ್ಪೆಟ್ಟಿನ ಮೂಲೆಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಪರ್ರನೆ ಕಿತ್ತು ಬಂತು. ತಳದಿಂದ ಕೊಳೆತ ನೀರಿನ ವಾಸನೆ ಎದ್ದಿತು. ಅವಳ ಮನೆಯ ತಗಡಿನ ಶೆಡ್ಡಿನ ಮುಂದೆ ಹೆಣದ ಸುತ್ತ ಕೂತಿದ್ದ ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡರು.

"ಏನ್ ಮಾಡಾಕತ್ತೀಯವ್ವಾ?" ಸೋದರಮಾವ ಗೊಲ್ಲಾಳಪ್ಪ ಓಡಿ ಬಂದ. ತಂಗಿ ಸತ್ತ ಸುದ್ದಿ ಕೇಳಿ ಸುರಪುರದಿಂದ ಬಸ್ಸು ಹತ್ತಿ ನಸುಕಿಗೆ ಬಂದಿಳಿದಿದ್ದ. "ಹೊತ್ತು ಏರಾಕತ್ತೈತಿ. ಈಗ ಇದೇನು ಹುಚ್ಚು?"

"ಇದರ ಮ್ಯಾಲ ನಮ್ಮವ್ವನ್ನ ಮಲಗಸಂಗಿಲ್ಲ ಮಾಮಾ."

"ಸುಡುಗಾಡು ಮುಟ್ಟಾಕ ಅರ್ಧ ತಾಸು. ಸತ್ತಾಕಿಗೆ ವಾಸನಿ ತಿಳಿತೈತೇನು?"

"ನನಗ ತಿಳಿತೈತಿ."

ಡ್ರೈವರ್ ರಾಮಕೃಷ್ಣ ಬೀಡಿ ಎಸೆದು ಹತ್ತಿರ ಬಂದ. ನಾರಾಯಣಪೇಟೆಯವನು, ತೆಲುಗು, ಕನ್ನಡ ಎರಡೂ ಬರುತ್ತಿದ್ದವು. "ಅಕ್ಕಾ, ಮೊದ್ಲು ಇದು ಟೂರಿಸ್ಟ್ ವ್ಯಾನು. ಆಗಿನ ಕಾರ್ಪೆಟ್ಟಿದು. ಐಸಿನ ನೀರು ಕುಡುದು ಕುಡುದು ಹಿಂಗಾಗೈತಿ. ಕಿತ್ತಿದ್ರ ಮಾಲಕ ನನ್ನ ಬಿಡ್ತಾನೇನು?"

"ಕಿತ್ತಾಕಿ ನಾನು ಅಂತ ಹೇಳಣ್ಣಾ. ಹೊಸಾದು ಹಾಕಿ ಕೊಡ್ತೀನಿ."

ಅವಳು ಒಳಗೆ ಹೋಗಿ ಕಪ್ಪು ರಬ್ಬರ್ ಹಾಸಿನ ಸುರುಳಿಯೊಂದನ್ನು ಹೆಗಲ ಮೇಲೆ ಹೊತ್ತು ತಂದಳು. ಎದೆಬೇನೆಯಿಂದ ತಾಯಿ ಸುಗಲಮ್ಮ ಕಾರ್ ಸೀಟಿನ ಅಂಗಡಿಗೆ ಹೋಗಲಾಗದೆ ಮೂರು ತಿಂಗಳಾಗಿತ್ತು. ಕೆಲಸ ಮಾತ್ರ ಮನೆಗೇ ಬರುತ್ತಿತ್ತು. ಅದನ್ನು ಕಳಿಸುತ್ತಿದ್ದ ಅಂಗಡಿ ಮಾಲಕ ಮಾಣಿಕಪ್ಪ ಕೈಯಲ್ಲಿ ಹೂವಿನ ಹಾರ ಹಿಡಿದು ಆಗಷ್ಟೇ ಬಂದು ನಿಂತಿದ್ದ.

"ಗಂಗಾ, ಅದು ಗಿರಾಕಿದು," ಎಂದ ಮೆಲ್ಲಗೆ. "ನಾಳಿಗೆ ಎರಡು ಸುಮೊ ಗಾಡಿಗೆ ಹಾಕಬೇಕು."

"ಹಾಕೋರು ಯಾರ್ರಿ ಸಾವ್ಕಾರ್ರ?"

ಮಾಣಿಕಪ್ಪ ಹಾರವನ್ನು ಇನ್ನೊಂದು ಕೈಗೆ ಬದಲಿಸಿದ.

* * *

ಸುಗಲಮ್ಮ ಹೈದರಾಬಾದಿಗೆ ಬಂದದ್ದು ಮಿಯಾಪುರದ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊರಲು. ಗಂಡ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದ. ಮಗಳು ಇನ್ನೂ ಕಂಕುಳಲ್ಲಿದ್ದಳು. ವರ್ಷಗಳು ಕಳೆದು ಬೆನ್ನು ಸೋತಾಗ, ಬೇಗಂಪೇಟೆಯ ಮಾಣಿಕಪ್ಪನ ಕಾರ್ ಸೀಟಿನ ಅಂಗಡಿಯಲ್ಲಿ ಕಸ ಹೊಡೆಯಲು ಸೇರಿದಳು.

ಕಂಪನಿಗಳ ಕ್ಯಾಬುಗಳು ಊರು ತುಂಬಿದ್ದ ಕಾಲ. ಒಂದೊಂದು ಗಾಡಿಯೂ ಮೂರು ಪಾಳಿ ಓಡಬೇಕು. ಕೆಸರುಗಾಲು, ಚೆಲ್ಲಿದ ಚಹಾ, ಯಾರದೋ ವಾಂತಿ, ಎಲ್ಲವನ್ನೂ ಕಾರ್ಪೆಟ್ಟು ಕುಡಿಯುತ್ತಿತ್ತು. ಹೊಸದು ಹಾಕಿಸಿಕೊಂಡು ಹೋದ ಗಾಡಿ ಮುಂದಿನ ಮಳೆಗಾಲಕ್ಕೆ ನಾರುತ್ತ ಹಿಂದಿರುಗುತ್ತಿತ್ತು.

"ಸಾವ್ಕಾರ್ರ, ಅಡಗಿ ಮನ್ಯಾಗ ಯಾರರ ಕಂಬಳಿ ಹಾಸ್ತಾರೇನ್ರಿ?" ಎಂದು ಒಂದು ದಿನ ಸುಗಲಮ್ಮ ಪೊರಕೆ ಹಿಡಿದುಕೊಂಡೇ ಕೇಳಿದಳು. "ತೊಳಿಯೋ ಜಾಗಕ್ಕ ತೊಳಿಯೋದನ್ನ ಹಾಕ್ರಿ."

ಮಾಣಿಕಪ್ಪ ನಕ್ಕ. ಅಂಗಡಿಯ ಮೇಸ್ತ್ರಿ ರಬ್ಬರ್ ಹಾಸು ಸುಕ್ಕಾಗದೆ ಕೂರುವುದಿಲ್ಲ ಎಂದು ಕೈಬಿಟ್ಟಿದ್ದ. ಸುಗಲಮ್ಮ ಹಳೇ ಕಾರ್ಪೆಟ್ಟನ್ನೇ ಹರವಿ, ಅಳತೆಯ ಕುಪ್ಪಸ ಇಟ್ಟು ಹೊಸ ಕುಪ್ಪಸ ಕತ್ತರಿಸುವ ಹಾಗೆ ಕತ್ತರಿಸಿದಳು. ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿದಳು. ಉಬ್ಬು ತಗ್ಗುಗಳ ಮೇಲೆ ರೊಟ್ಟಿ ತಟ್ಟುವ ಅಂಗೈಯಿಂದಲೇ ತಟ್ಟಿ ತಟ್ಟಿ ಕೂರಿಸಿದಳು. ಗಾಡಿಯವನು ಬಂದು ನೋಡಿ, "ಯಾರ ಕೆಲಸ ಇದು?" ಎಂದ.

"ಬಾಂಬೆಯಿಂದ ಮೇಸ್ತ್ರಿ ಕರೆಸೀನಿ," ಎಂದ ಮಾಣಿಕಪ್ಪ.

ಅಂದಿನಿಂದ ಗಿರಾಕಿಗಳು ಬಂದಾಗ ಸುಗಲಮ್ಮ ಪರದೆಯ ಹಿಂದೆ. ರಜೆಯ ದಿನ ಕೈಜೋಡಿಸಲು ಹೋಗುತ್ತಿದ್ದ ಮಗಳು ರೇಗುತ್ತಿದ್ದಳು: "ನಾನೇ ಮೇಸ್ತ್ರಿ ಅಂತ ಹೊರಗ ಬಂದು ಹೇಳವ್ವಾ."

"ಹೇಳಿದ ದಿನ ಕೆಲಸ ಹೋಗ್ತೈತಿ. ಬಾಂಬೆಯವಗ ಹಸಿವಿಲ್ಲ, ನಮಗೈತಿ. ನೀ ಕಲಿ. ಆಮ್ಯಾಲ ನೀ ಹೇಳಿಯಂತ."

* * *

ರಾಮಕೃಷ್ಣ ವ್ಯಾನಿನ ಬಾಗಿಲಿಗೆ ಒರಗಿ ನೋಡುತ್ತ ನಿಂತ. ಶಿವಗಂಗಾ ತಳದ ತಗಡು ಒರೆಸಿದಳು, ತುಕ್ಕು ಕೆರೆದಳು, ಕಾರ್ಪೆಟ್ಟಿನ ಅಳತೆಗೆ ಹಾಸು ಕತ್ತರಿಸಿದಳು. ಚಕ್ರದ ಉಬ್ಬಿನ ಮೇಲೆ ಅದನ್ನು ತಟ್ಟಿ ಕೂರಿಸುವಾಗ ಅವನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಇಷ್ಟು ಚಂದ ಕೂಡಸೋದು ಹೈದರಾಬಾದಿನ್ಯಾಗ ಒಬ್ಬಾತಗೇ ಬರ್ತೈತಿ. ಬೇಗಂಪೇಟೆ ಬಾಂಬೆ ಮೇಸ್ತ್ರಿ. ನಮ್ಮಣ್ಣನ ಕ್ಯಾಬಿಗೆ ಹಾಕಿ ಐದು ವರ್ಷ ಆತು, ಇವತ್ತಿಗೂ ಕೊಡ ನೀರು ಸುರುವಿ ತೊಳಿತಾನ. ನೀ ಆತನ ಹತ್ರ ಕಲ್ತಿಯೇನು?"

ಶಿವಗಂಗಾ ಚಾಕು ಕೆಳಗಿಟ್ಟಳು. "ಹೌದು. ಅಲ್ಲಿ ಮಲಗ್ಯಾಳ ನೋಡು, ನಿಮ್ಮ ಬಾಂಬೆ ಮೇಸ್ತ್ರಿ."

ಅಳುತ್ತಿದ್ದ ಹೆಂಗಸರು ತಲೆಯೆತ್ತಿದರು. ರಾಮಕೃಷ್ಣ ಹೆಣದ ಕಡೆ ನೋಡಿದ; ಆಮೇಲೆ ಮಾಣಿಕಪ್ಪನ ಕಡೆ. "ಖರೇ ಏನ್ರಿ?"

ಮಾಣಿಕಪ್ಪ ಶಿವಗಂಗಾಳ ಕಡೆ ತಿರುಗಿದ. "ಗಿರಾಕಿ ಒಪ್ಪತಿರಲಿಲ್ಲವ್ವಾ, ಹೆಣ್ಮಗಳು ಅಂದ್ರ..."

"ಒಮ್ಮೆರ ಕೇಳಿ ನೋಡಿದ್ರೇನ್ರಿ?"

ಮಾಣಿಕಪ್ಪ ತಲೆ ತಗ್ಗಿಸಿದ. "ಖರೆ," ಎಂದ ಕಡೆಗೆ. "ಒಂಬತ್ತು ವರ್ಷ ಎಲ್ಲಾ ಸುಗಲಮ್ಮನ ಕೈಯೇ. ಬಾಂಬೆಯವ ಅಂತ ಯಾರೂ ಇರಲಿಲ್ಲ."

"ನನ್ನ ತಂಗಿ ಮೇಸ್ತ್ರಿ ಇದ್ಲಾ?" ಗೊಲ್ಲಾಳಪ್ಪ ಮುಂದೆ ಬಂದ. "ಊರಾಗ ನಾ, ಆಕಿ ಕಸ ಹೊಡಿತಾಳ ಅಂತ ಹೇಳಿಕೋತ ಬಂದೆ." ಹೆಗಲ ಮೇಲಿನ ಟವೆಲ್ಲು ತೆಗೆದು ವ್ಯಾನಿನ ಬಾಗಿಲ ಬಳಿ ಉಳಿದಿದ್ದ ನೀರನ್ನು ತಾನೇ ಒರೆಸತೊಡಗಿದ. ಮಾಣಿಕಪ್ಪ ಹಾರವನ್ನು ಹೆಣದ ಮೇಲಿಟ್ಟು, ಬೂಟು ಕಳಚಿ ವ್ಯಾನು ಹತ್ತಿ, ಹಾಸಿನ ಇನ್ನೊಂದು ತುದಿ ಹಿಡಿದ.

"ಅಲ್ಲಲ್ರಿ. ಮೂಲಿ ಮೊದ್ಲು," ಎಂದಳು ಶಿವಗಂಗಾ.

ಅವನು ಮೂಲೆ ಒತ್ತಿದ.

ರಾಮಕೃಷ್ಣ ಆಚೆ ನಿಂತು ಫೋನಿನಲ್ಲಿ ಯಾರೊಂದಿಗೋ ತೆಲುಗಿನಲ್ಲಿ ಜೋರಾಗಿ ಮಾತಾಡುತ್ತಿದ್ದ; ನಡುನಡುವೆ 'ಬಾಂಬೆ ಮೇಸ್ತ್ರಿ', 'ಮಿಯಾಪುರ' ಎಂಬ ಮಾತು ಕೇಳುತ್ತಿತ್ತು.

ಸುಗಲಮ್ಮನನ್ನು ಹೊಸ ಹಾಸಿನ ಮೇಲೆ ಮಲಗಿಸಿ ಹೊರಟಾಗ ಬಿಸಿಲು ನೆತ್ತಿಗೇರಿತ್ತು. ಮಿಯಾಪುರದ ಕ್ಯಾಬ್ ಸ್ಟ್ಯಾಂಡ್ ಹತ್ತಿರ ಬಂದಾಗ ರಾಮಕೃಷ್ಣ ವೇಗ ತಗ್ಗಿಸಿದ. ಮಧ್ಯಾಹ್ನದ ಪಾಳಿಯ ಗಾಡಿಗಳು ರಸ್ತೆಯ ಅಂಚಿಗೆ ಸಾಲಾಗಿ ನಿಂತಿದ್ದವು. ಡ್ರೈವರುಗಳು ಕೆಳಗಿಳಿದಿದ್ದರು. ಕೊರಳಲ್ಲಿ ಕಂಪನಿ ಕಾರ್ಡು ತೂಗಿಸಿಕೊಂಡ ಹುಡುಗಿಯೊಬ್ಬಳು ಗಡಿಯಾರ ತೋರಿಸಿ ಏನೋ ಕೇಳಿದಳು. ಡ್ರೈವರ್ ತಿರುಗಿ ನೋಡಲಿಲ್ಲ. ಅವನು ತನ್ನ ಗಾಡಿಯ ಬಾಗಿಲನ್ನು ಪೂರ್ತಿ ತೆರೆದ. ಪಕ್ಕದವನೂ ತೆರೆದ. ಸಾಲಿನುದ್ದಕ್ಕೂ ಒಂದೊಂದಾಗಿ ಬಾಗಿಲುಗಳು ರಸ್ತೆಗೆ ಚಾಚಿಕೊಂಡವು. ಟ್ರಾಫಿಕ್ ಪೊಲೀಸ್ ಸೀಟಿ ಊದುತ್ತ ಓಡಿಬಂದ. ಒಬ್ಬರೂ ಮುಚ್ಚಲಿಲ್ಲ. ವ್ಯಾನು ನಡಿಗೆಯ ವೇಗದಲ್ಲಿ ದಾಟುತ್ತಿದ್ದಂತೆ, ಗಾಡಿಗಾಡಿಯ ಒಳಗೂ ತೊಳೆದ ಕಪ್ಪು ರಬ್ಬರ್ ಹಾಸು ಬಿಸಿಲಿಗೆ ಹೊಳೆಯುತ್ತಿತ್ತು.