ಅಂಗಾತ ಮಲಗಿ ನೋಡಿದ ಈಜು

ಬಸ್ ಡ್ರೈವರ್ ಆಗಿದ್ದ ಅಕ್ಕ ಮೆಟ್ಟಿಲಿನಿಂದ ಜಾರಿ ಬಿದ್ದು ಬೆನ್ನುಮೂಳೆಗೆ ಏಟಾಗಿ ಆಸ್ಪತ್ರೆ ಸೇರಿದ್ದಳು. ಅಂಗಾತವೇ ಮಲಗಿರಬೇಕು, ತಲೆ ಎತ್ತುವಂತಿಲ್ಲ ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಹಗಲಿಡೀ ಅವಳಿಗೆ ಕಾಣುತ್ತಿದ್ದುದು ಬಿಳಿ ಚಾವಣಿಯೊಂದೇ. ಅಷ್ಟರಲ್ಲಿ ಮಗಳ ಮೊದಲ ಈಜು ಸ್ಪರ್ಧೆಯೂ ನಡೆದುಹೋಯಿತು. ಹೋಗಲಾಗಲಿಲ್ಲವೆಂಬ ಕೊರಗು ಅಕ್ಕನನ್ನು ನೋವಿಗಿಂತ ಹೆಚ್ಚು ಹಿಂಡುತ್ತಿತ್ತು.

ತಂಗಿ ಮೊಬೈಲಿನಲ್ಲಿ ವಿಡಿಯೊ ತೋರಿಸಿದಳು. ಆ ಚಿಕ್ಕ ಪರದೆಯಲ್ಲಿ ಯಾವ ತಲೆ ಯಾರದೆಂದೇ ತಿಳಿಯಲಿಲ್ಲ.

"ಹೋಗ್ಲಿ ಬಿಡೇ," ಎಂದು ಅಕ್ಕ ಕಣ್ಣು ಮುಚ್ಚಿದಳು.

ತಂಗಿ ಬಿಡುವವಳಲ್ಲ. ಅವಳು ಶಾಲೆಯಲ್ಲಿ ಚಿತ್ರಕಲೆಯ ಮೇಡಂ. ಮರುದಿನ ಮಧ್ಯಾಹ್ನ ಹೆಡ್‌ಮಾಸ್ಟರನ್ನು ಕಾಡಿ ಬೇಡಿ ಶಾಲೆಯ ಪ್ರೊಜೆಕ್ಟರನ್ನೇ ಹೊತ್ತು ತಂದಳು. ವಾರ್ಡಿನ ನರ್ಸ್ "ಯಾರಿಗೂ ತೊಂದ್ರೆ ಆಗ್ಬಾರ್ದು ನೋಡಿ" ಎಂದು ಗದರುತ್ತಲೇ ಕಿಟಕಿಯ ಪರದೆಗಳನ್ನೆಳೆದು ಕತ್ತಲು ಮಾಡಿಕೊಟ್ಟರು.

ಸ್ಟೂಲಿನ ಮೇಲೆ ಕಂಬಳಿ ಮಡಚಿಟ್ಟು, ಅದರ ಮೇಲೆ ಪ್ರೊಜೆಕ್ಟರನ್ನು ಚಾವಣಿಗೆ ಮುಖ ಮಾಡಿ ಒರಗಿಸಿ, ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ತಂಗಿ ಸ್ವಿಚ್ ಒತ್ತಿದಳು. 'ಸಿಗ್ನಲ್ ಇಲ್ಲ' ಎಂಬ ಅಕ್ಷರಗಳಷ್ಟೇ ಮೂಡಿದವು. ಲ್ಯಾಪ್‌ಟಾಪಿನ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರೂ ಅದೇ ಕಥೆ. ಕೊನೆಗೆ ರಿಮೋಟಿನಲ್ಲಿ 'ಸೋರ್ಸ್' ಗುಂಡಿ ಒತ್ತಿದಾಗ ಚಿತ್ರ ಬಂತು. ಮಂಜು ಮಂಜಾಗಿತ್ತು. ಲೆನ್ಸಿನ ಸುತ್ತಲಿನ ಬಳೆ ತಿರುಗಿಸಿದ ಮೇಲೆ ತಿಳಿಯಾಯಿತು.

"ಏನೇ ಇದು, ಹುಡುಗರೆಲ್ಲ ತಲೆಕೆಳಗಾಗಿ ನಿಂತಿದಾರೆ!" ಎಂದಳು ಅಕ್ಕ.

ತಂಗಿ ನಗುತ್ತಾ ಸ್ಟೂಲನ್ನೇ ಹಿಂದುಮುಂದಾಗಿ ತಿರುಗಿಸಿದಳು. ಸೀಟಿ ಊದಿದ್ದೇ ತಡ, ಮಕ್ಕಳು ನೀರಿಗೆ ಧುಮುಕಿದರು. ಪಟ್ಟನೆ ಎಲ್ಲ ಕತ್ತಲಾಯಿತು. ಪ್ರೊಜೆಕ್ಟರಿನ ಮೇಲೆ ಕೆಂಪು ದೀಪ ಮಿನುಗತೊಡಗಿತು.

ತಂಗಿ ಪ್ರೊಜೆಕ್ಟರಿನತ್ತ ಬಾಗಿದಳು. "ಅಯ್ಯೋ, ಲ್ಯಾಂಪ್ ಸುಟ್ಟೋಯ್ತೇನೋ. ಹೆಡ್‌ಮಾಸ್ಟರಿಗೆ ಯಾವ ಮುಖ ತೋರಿಸ್ಲಿ?"

"ಗಾಬರಿ ಬೀಳ್ಬೇಡ," ಎಂದಳು ಅಕ್ಕ. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಬಸ್ ಓಡಿಸುವವಳ ಗತ್ತು ಕೇಳಿಸಿತು. "ಆಗ್ಲಿಂದ ಅದರ ಫ್ಯಾನ್ ಏದುಸಿರು ಬಿಡ್ತಿತ್ತು. ಇಂಜಿನ್ ಬಿಸಿಯಾದ್ರೂ ಹಂಗೇ. ಗಾಳಿ ಹೋಗೋ ಕಿಂಡಿ ಮುಚ್ಚಿದೆಯಾ ನೋಡು."

ಕಂಬಳಿಯೇ ಕಿಂಡಿಗೆ ಅಡ್ಡ ಕೂತಿತ್ತು. ತಂಗಿ ಅದನ್ನು ತೆಗೆದು, ಪ್ಲಗ್ ಕಿತ್ತು, ಫಿಲ್ಟರ್ ಬಿಚ್ಚಿದಳು. ಧೂಳು ಹತ್ತಿಯಂತೆ ಮೆತ್ತಿಕೊಂಡಿತ್ತು. ಬ್ಯಾಗಿನಲ್ಲಿದ್ದ ಬಣ್ಣ ಬಳಿಯುವ ಒಣ ಕುಂಚದಿಂದ ಅದನ್ನು ಗುಡಿಸಿ ತೆಗೆದಳು. ಒರಗಿಸಲು ನರ್ಸ್ ದಪ್ಪ ಪುಸ್ತಕ ತಂದುಕೊಟ್ಟರು. ತಣ್ಣಗಾಗಲೆಂದು ಕಾಯುವಾಗ ಪಕ್ಕದ ಹಾಸಿಗೆಯ ದರ್ಜಿ ಅಜ್ಜಿಯೂ ಚಾವಣಿಯಿಂದ ಕಣ್ಣು ಕೀಳಲಿಲ್ಲ.

ಈ ಬಾರಿ ಸ್ವಿಚ್ ಒತ್ತಿದಾಗ ಚಾವಣಿಯ ತುಂಬ ನೀಲಿ ನೀರು ಹರಡಿತು. ಹಳದಿ ಟೋಪಿಯ ಹುಡುಗಿ ಎಲ್ಲರಿಗಿಂತ ಹಿಂದಿದ್ದಳು. ನಡುವೆ ನೀರು ಕುಡಿದು ಕೆಮ್ಮಿದಳು. ಆದರೂ ಕೈ ಬೀಸುತ್ತಲೇ ಇದ್ದಳು.

"ಬಾ ಮಗಳೇ, ಬಾ, ಬಾ!" ಅಕ್ಕ ಮಲಗಿದಲ್ಲೇ ಕೂಗಿದಳು. ಹುಡುಗಿ ಗೋಡೆ ಮುಟ್ಟಿ ತಲೆಯೆತ್ತಿ, "ಅಮ್ಮಾ, ಮುಗಿಸ್ದೆ!" ಎಂದು ಕಿರುಚಿದಾಗ ದರ್ಜಿ ಅಜ್ಜಿ ಚಪ್ಪಾಳೆ ತಟ್ಟಿದರು. ಗದರಬೇಕಿದ್ದ ನರ್ಸೂ ತಟ್ಟಿದರು.

ಅಕ್ಕನ ಕಣ್ಣೀರು ಕಿವಿಯತ್ತ ಹರಿಯಿತು. ತಂಗಿ ಸೆರಗಿನಿಂದ ಒರೆಸಿದಳು.

"ನೀನು ಹುಟ್ಟಿದಾಗ ನಾನು ತಮ್ಮನೇ ಬೇಕು ಅಂತ ಹಟ ಮಾಡಿ ಅತ್ತಿದ್ದೆ ಕಣೇ," ಎಂದಳು ಅಕ್ಕ, ಅವಳ ಕೈ ಹಿಡಿದು. "ಪುಣ್ಯಕ್ಕೆ ಯಾರೂ ನನ್ನ ಮಾತು ಕೇಳ್ಲಿಲ್ಲ."

"ಸಾಕು ಸುಮ್ನಿರೇ," ಎನ್ನುತ್ತಾ ತಂಗಿ ಅದೇ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು.

"ಸುಮ್ನಿರ್ತೀನಿ. ಇನ್ನೊಂದ್ಸಲ ಹಾಕು."