ಅಂಗಿಯ ಮೇಲೆ ಬಿಟ್ಟ ಇಸ್ತ್ರಿಪೆಟ್ಟಿಗೆ

ನನ್ನ ಗಂಡ ಸಾಹಿತಿ. ಹಾಗಂತ ಅವರೇ ಹೇಳಿಕೊಳ್ಳುತ್ತಾರೆ, ಮನೆಯೊಳಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಅವರ ಕಾದಂಬರಿಗೆ ಬಹುಮಾನ ಬಂತು, ಆಮೇಲೆ ಸಿನಿಮಾದವರು ಬಾಗಿಲಿಗೆ ಬಂದರು. ಅವತ್ತಿನಿಂದ ಸಾಹೇಬರ ಕಾಲು ನೆಲದ ಮೇಲಿಲ್ಲ.

ಕಾದಂಬರಿ ಬರೆದದ್ದು ಹೆತ್ತ ತಾಯಿಯ ಮೇಲೆ. ಅಂದರೆ ನನ್ನ ಅತ್ತೆಯ ಮೇಲೆ. ಅತ್ತೆ ಇಸ್ತ್ರಿ ಅಂಗಡಿ ಇಟ್ಟುಕೊಂಡು ಬದುಕಿದವರು. ಗಂಡ ತೀರಿಕೊಂಡ ಮೇಲೆ ಮಗನನ್ನೂ ಪುಟ್ಟ ಮಗಳನ್ನೂ ಆ ಇಸ್ತ್ರಿ ಮೇಜಿನ ಕೆಳಗೇ ಮಲಗಿಸಿ ಸಾಕಿದರು. ಮಗಳು ಜ್ವರದಲ್ಲಿ ತೀರಿಹೋದಳು. ಮಗ ದೊಡ್ಡವರಾಗಿ ಅದನ್ನೇ ಬರೆದರು.

ಹೇಗೆ ಬರೆದರು ಅಂತ ಕೇಳಿ. ಮೇಜಿನ ಕೆಳಗೆ ಮಗು ನರಳುತ್ತಿದೆ, ತಾಯಿ ಗಿರಾಕಿ ತಪ್ಪಿಹೋಗುತ್ತಾನೆಂದು ಸಂಜೆಯವರೆಗೂ ಗಂಟುಗಟ್ಟಲೆ ಬಟ್ಟೆ ಇಸ್ತ್ರಿ ಮಾಡುತ್ತಲೇ ಇದ್ದಾಳೆ. ನರಳಾಟ ಜಾಸ್ತಿಯಾದಾಗ ಮಗುವನ್ನು ಕಾಲಿನಿಂದ ಒಳಕ್ಕೆ ತಳ್ಳುತ್ತಾಳೆ. ಕೊನೆಯ ಅಂಗಿ ಮಡಿಸಿಟ್ಟು ಬಗ್ಗಿ ನೋಡಿದರೆ ಮಗು ತಣ್ಣಗಾಗಿದೆ. ಇದನ್ನು ಓದಿ ಜನ ಕಣ್ಣೊರೆಸಿಕೊಂಡು ಬಹುಮಾನ ಕೊಟ್ಟರು.

ಅತ್ತೆಗೆ ಓದು ಬರುವುದಿಲ್ಲ. "ನನ್ನ ಮಗ ನನ್ನ ಮೇಲೆ ಬರೆದಿದ್ದಾನಂತೆ, ಓದಿ ಹೇಳೇ" ಎಂದು ಮಧ್ಯಾಹ್ನ ಊಟ ಮುಗಿದೊಡನೆ ನನ್ನ ಮುಂದೆ ಬಂದು ಕೂತರು. ಓದುತ್ತಾ ಓದುತ್ತಾ ಆ ಪುಟ ಬಂತು. ಪುಟ ನೋಡಿದೆ, ಅತ್ತೆಯ ಮುಖ ನೋಡಿದೆ. ನಾನೇನು ದೇವತೆಯಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದರೆ ಈಕೆ ಅನ್ನ ಬಿಡುತ್ತಾರೆ, ಅವರು ಮುಖ ಊದಿಸಿಕೊಳ್ಳುತ್ತಾರೆ, ನಡುವೆ ನಾನು ಸಾಯಬೇಕು. ನನಗ್ಯಾಕೆ ಈ ಉಸಾಬರಿ ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಅವಳು ಕಾದ ಇಸ್ತ್ರಿಪೆಟ್ಟಿಗೆಯನ್ನು ಗಿರಾಕಿಯ ರೇಷ್ಮೆ ಅಂಗಿಯ ಮೇಲೆ ಹಾಗೇ ಬಿಟ್ಟು, ಮಗುವನ್ನು ಬಾಚಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದಳು."

ಅತ್ತೆ ಮುಂದಕ್ಕೆ ಬಾಗಿದರು. "ಅಂಗಿ ಮೇಲೇ ಬಿಟ್ಟೆನಂತಾ?"

"ಹೂಂ ಅತ್ತೆ."

"ಅಂಗಿ ಸುಟ್ಟುಹೋಗಿರತ್ತಲ್ಲೇ!"

"ಸುಟ್ಟುಹೋಯ್ತು ಅಂತಾನೇ ಬರೆದಿದ್ದಾರೆ."

"ಇನ್ನೊಂದ್ಸಲ ಓದು."

ಓದಿದೆ. ಮುದುಕಿ ಅಳಲಿಕ್ಕೆ ಶುರು ಮಾಡಿತು. "ನಾನು ಬಿಟ್ಟು ಓಡ್ಲಿಲ್ಲ ಕಣೇ. ಕೈಯಲ್ಲಿದ್ದ ಅಂಗಿ ಒಂದನ್ನ ಮುಗಿಸ್ಬಿಡೋಣ ಅಂತ ನಿಂತೆ. ಪೆಟ್ಟಿಗೆ ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಅಂಗಿ ಮಡಿಸಿಟ್ಟು, ಆಮೇಲೆ ಓಡಿದೆ. ದಾರೀಲೇ ಹೋಯ್ತು ಮಗು. ಇವನು ಮೇಜಿನ ಕೆಳಗೆ ಕೂತು ಎಲ್ಲಾ ನೋಡ್ತಿದ್ದ. ಅವತ್ತಿಂದ ಆ ವಿಷಯ ಒಂದು ದಿನ ನನ್ನ ಹತ್ರ ಎತ್ತಿಲ್ಲ ಅವನು. ನೋಡಿದೋನೇ ಹೀಗೆ ಬರೆದಿದ್ದಾನೆ ಅಂದ್ರೆ, ನನ್ನ ಕ್ಷಮಿಸಿದ್ದಾನೆ ತಾನೇ?"

"ಹೂಂ ಅತ್ತೆ" ಅಂದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ದಿನಾ "ಆ ಓಡೋ ಪುಟ ಓದು." ನನ್ನ ಸುಳ್ಳನ್ನು ನಾನೇ ಬಾಯಿಪಾಠ ಮಾಡಬೇಕಾಯಿತು. ಒಂದು ಪದ ಆಚೀಚೆಯಾದರೂ "ನಿನ್ನೆ ರೇಷ್ಮೆ ಅಂಗಿ ಅಂದೆ, ಇವತ್ತು ಬರೀ ಅಂಗಿ ಅಂತೀಯಲ್ಲ?" ಎಂದು ಹಿಡಿಯುತ್ತಿದ್ದರು. ಕೇಳಿಸಿಕೊಂಡು ಗೋಡೆಗೆ ತಿರುಗಿ ನಿದ್ದೆ ಹೋಗುತ್ತಿದ್ದರು. ಮಗ ಎದುರಿಗೆ ಬಂದರೆ ಸಾಕು, ಮುಖ ಅರಳುತ್ತಿತ್ತು.

ಮಗನಿಗೆ ಇದ್ಯಾವುದೂ ಗೊತ್ತಿಲ್ಲ. "ಅಮ್ಮನಿಗೂ ಓದಿ ಹೇಳಿಸಿದ್ದೇನೆ. ಸತ್ಯ ಕಹಿ. ಆಕೆ ಒಂದು ಮಾತೂ ಆಡಲಿಲ್ಲ" ಎಂದು ಸಂದರ್ಶನ ಕೊಟ್ಟುಕೊಂಡು ತಿರುಗುತ್ತಿದ್ದರು. ಥೂ.

ಸಿನಿಮಾ ತಯಾರಾಯಿತು. ಮೊದಲ ಪ್ರದರ್ಶನ, ಅದಾದ ಮೇಲೆ ವೇದಿಕೆಯ ಮೇಲೆ ಕಾದಂಬರಿಗೂ ಸಿನಿಮಾಕ್ಕೂ ಹೋಲಿಕೆ ಮಾಡಿ ಚರ್ಚೆ.

"ರೀ, ಅತ್ತೆ ಬರೋದು ಬೇಡ" ಅಂದೆ.

"ನಾಯಕಿನೇ ಬರದಿದ್ರೆ ಹೇಗೆ? ಫೋಟೋಗಾದ್ರೂ ಬೇಕಲ್ಲ" ಅಂದರು.

"ಪುಸ್ತಕದಲ್ಲಿ ನೀವು ಬರೆದಿರೋದು..."

"ಕೇಳಿ ಅರಗಿಸಿಕೊಂಡಿದ್ದಾಳಲ್ಲ, ನಿನಗೇನು ಸಂಕಟ?"

ಅತ್ತೆಯ ಹತ್ತಿರ ಹೋಗಿ, ಸಿನಿಮಾ ಹಾಲ್‌ನಲ್ಲಿ ಚಳಿ, ಕಾಲು ನೋವು, ಏನೇನೋ ಹೇಳಿದೆ. ಅವರು ಒಳ್ಳೆಯ ಬಟ್ಟೆ ತೆಗೆದು, ತಾವೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದರು. "ನಾನು ಓಡೋದನ್ನ ನೋಡ್ಬೇಕು ಕಣೇ" ಅಂದರು.

ಪರದೆಯ ಮೇಲಿನ ತಾಯಿ ಓಡಲಿಲ್ಲ. ರೇಡಿಯೋ ಜೋರು ಮಾಡಿ ಇಸ್ತ್ರಿ ಮಾಡುತ್ತಲೇ ಇದ್ದಳು. ಅತ್ತೆ ಕತ್ತಲೆಯಲ್ಲಿ ನನ್ನ ಕೈ ಹಿಡಿದು "ಈಗ ಓಡ್ತಾಳೆ, ಈಗ ಓಡ್ತಾಳೆ" ಎಂದು ಪಿಸುಗುಟ್ಟುತ್ತಿದ್ದರು. ಮಗು ಸತ್ತಿತು. ದೀಪ ಹತ್ತಿತು. ಜನ ಚಪ್ಪಾಳೆ ತಟ್ಟಿದರು.

ಚರ್ಚೆಗೆ ನನ್ನ ಗಂಡ, ಡೈರೆಕ್ಟರ ಜೊತೆ ಒಬ್ಬ ಕಾಲೇಜಿನ ಮೇಡಂ ಬಂದಿದ್ದರು. ಕಾದಂಬರಿಯ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿಕೊಂಡು, ಎಲ್ಲಿ ಏನು ಬಿಟ್ಟಿದ್ದಾರೆ, ಏನು ಸೇರಿಸಿದ್ದಾರೆ ಎಂದು ಲೆಕ್ಕ ಒಪ್ಪಿಸುತ್ತಿದ್ದರು. ಮಧ್ಯದಲ್ಲೇ ಅತ್ತೆ ಎದ್ದು ನಿಂತುಬಿಟ್ಟರು. ಹಿಡಿದುಕೊಂಡೆ, ಕೊಸರಿಕೊಂಡರು.

"ಏನಪ್ಪಾ ಡೈರೆಕ್ಟರೇ, ನನ್ನ ಮಗನ ಪುಸ್ತಕ ಯಾಕಪ್ಪಾ ಹಾಳು ಮಾಡಿದೆ? ಅವನು ನನ್ನ ಓಡಿಸಿದ್ದಾನೆ. ಪೆಟ್ಟಿಗೆ ಅಂಗಿ ಮೇಲೇ ಬಿಟ್ಟು ಓಡ್ತೀನಿ ನಾನು. ಅದನ್ಯಾಕೆ ಕಿತ್ತುಹಾಕಿದೆ?"

ಡೈರೆಕ್ಟರು ಕಕ್ಕಾಬಿಕ್ಕಿಯಾಗಿ ನನ್ನ ಗಂಡನ ಮುಖ ನೋಡಿದರು. "ಅಮ್ಮಾ, ಪುಸ್ತಕದಲ್ಲಿ ಹಾಗಿಲ್ಲ. ಪುಸ್ತಕ ಇನ್ನೂ ಘೋರ. ಕಾಲಲ್ಲಿ ತಳ್ಳೋದನ್ನ ಜನ ತಡ್ಕೊಳ್ಳಲ್ಲ ಅಂತ ನಾನೇ ತೆಗೆದೆ."

"ಯಾವ ಕಾಲು?"

ಮೇಡಂಗೆ ಇಂಥದ್ದೇ ಬೇಕಿತ್ತು. ಹಳದಿ ಚೀಟಿಯ ಪುಟ ತೆರೆದು, ಮೈಕ್ ಹತ್ತಿರ ಎಳೆದುಕೊಂಡು, ಕಾಲಿನಿಂದ ತಳ್ಳಿದ್ದರಿಂದ ಹಿಡಿದು ತಣ್ಣಗಾದವರೆಗೂ ಸ್ಪಷ್ಟವಾಗಿ ಓದಿದರು. ಯಾರೋ ಹಿಂದಿನಿಂದ ನಕ್ಕರು. ನನ್ನ ಗಂಡ ಬೂಟಿನ ತುದಿ ನೋಡುತ್ತಾ ಕೂತಿದ್ದರು. ಬಾಯಿ ಬಿಟ್ಟು "ಸಾಕು ನಿಲ್ಲಿಸಿ" ಅನ್ನಲಿಲ್ಲ, ಮಹಾನುಭಾವ.

ಅತ್ತೆ ನನ್ನ ಕಡೆ ತಿರುಗಿದರು. "ನೀನು ಓದ್ತಿದ್ದೆಯಲ್ಲ, ಅದು?"

ನಾನು ತಲೆ ತಗ್ಗಿಸಿದೆ. ಅಷ್ಟು ಸಾಕಾಯಿತು ಅವರಿಗೆ.

ಮನೆಗೆ ಬಂದ ಮೇಲೆ ಗಂಡ ನನ್ನ ಮೇಲೆ ಹಾರಾಡಿದರು. ಅವರ ಕೃತಿಯನ್ನು ನಾನು ತಿರುಚಿದೆನಂತೆ. ಜನರೆದುರು ಅವರ ಮಾನ ಕಳೆದೆನಂತೆ. ಅಮ್ಮನಿಗೆ ಏನಾಯಿತು ಎಂಬ ಮಾತು ಬರಲೇ ಇಲ್ಲ.

ಮರುದಿನ ಮಧ್ಯಾಹ್ನ ಅತ್ತೆ ಪುಸ್ತಕ ಹಿಡಿದು ಬಂದರು. ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿಕೊಂಡು ಮಗನ ಮುಂದೆ ಹೋಗಿ ಕೂತರು.

"ನೀನೇ ಓದು."

"ಅಮ್ಮಾ, ಅದು ಕಾದಂಬರಿ. ಕಲ್ಪನೆ."

"ಬರೆದೋನ ಬಾಯಿಂದ ಕೇಳ್ಬೇಕು. ಓದು."

ಗಂಡ ಪುಸ್ತಕ ತೆರೆದರು. ಆ ಪುಟಕ್ಕೆ ಬಂದವರು ಗಂಟಲು ಸರಿಮಾಡಿಕೊಂಡು ನನ್ನನ್ನು ನೋಡಿದರು. ಓಹೋ, ಈಗ ನನ್ನ ದಾರಿ ಹಿಡಿಯುತ್ತಿದ್ದಾರೆ ಅಂತ ಗೊತ್ತಾಯಿತು. ಹಿಡಿಯಲಿ, ದೇವರೇ, ಸರಿಯಾಗಿ ಹಿಡಿಯಲಿ ಎಂದು ಬೇಡಿಕೊಂಡೆ.

"ಅವಳು... ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಮಗುವನ್ನು ಬಾಚಿಕೊಂಡು ಓಡಿದಳು."

"ಸ್ಟ್ಯಾಂಡಿನ ಮೇಲಿಟ್ಟಳಾ?"

"ಹೂಂ ಅಮ್ಮಾ."

"ಅಂಗಿ ಸುಡಲಿಲ್ಲ?"

"ಇಲ್ಲಮ್ಮಾ" ಅಂದರು, ಏನೋ ಸಮಾಧಾನ ಹೇಳುವವರ ಹಾಗೆ.

ಅತ್ತೆ ಮಗನ ಮುಖ ನೋಡಿದರು. "ಸುಳ್ಳಲ್ಲೂ ನನ್ನ ಕೈಲಿ ಅಂಗಿನೇ ಉಳಿಸೋ ಹಾಗೆ ಮಾಡ್ದೆಯಲ್ಲೋ" ಅಂದರು. "ಅವತ್ತು ನೋಡಿದ್ದನ್ನ ನಿನಗೆ ಮರೆಯಕ್ಕಾಗಲ್ಲ ಬಿಡು. ಪುಸ್ತಕದಲ್ಲಿ ಇದ್ದದ್ದೇ ಓದು."

ಅವರು ಇದ್ದದ್ದನ್ನೇ ಓದಿದರು. ಕಾಲಿನ ಮಾತು ಬಂದಾಗ ಅತ್ತೆ ತಮ್ಮ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು. ಮಗು ತಣ್ಣಗಾಯಿತು. ಗಂಡ ಪುಸ್ತಕ ಮುಚ್ಚಲು ಹೋದರು.

"ಇನ್ನೊಂದ್ಸಲ ಓದು" ಅಂದರು ಅತ್ತೆ.